ಮೂರನೆಯ ಕುದಿ

ಬಸ್ ಡಿಪೋದಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಡ್ರೈವರುಗಳಿಗೆ, ಕಂಡಕ್ಟರುಗಳಿಗೆ, ಬಸ್ಸಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಬೋಲ್ಟು ತಿರುಗಿಸುವ ಮೆಕ್ಯಾನಿಕ್‌ಗಳಿಗೆ ಅವನು ಕಡಕ್. ಡಿಪೋದ ಕ್ಯಾಂಟೀನಿನಲ್ಲಿ ಅವನು ಕಾಯಿಸುವ ಟೀ ಕಡಕ್ಕಾಗಿರುತ್ತಿದ್ದುದರಿಂದ ಬಂದ ಹೆಸರು ಅದು. ಮನುಷ್ಯ ಮಾತ್ರ ಮೆತ್ತಗೆ, ಟೀ ವಿಷಯ ಒಂದು ಬಿಟ್ಟು. ಆ ವಿಷಯದಲ್ಲಿ ಯಾರೂ ಅವನೆದುರು ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಸಕ್ಕರೆ ಸಾಲದು ಅಂದವನಿಗೆ ಇನ್ನೊಂದು ಚಮಚ ಹಾಕುತ್ತಿದ್ದ. ಟೀ ಸ್ವಲ್ಪ ತೆಳ್ಳಗಿರಲಿ ಅಂದವನಿಗೆ ಬಸ್ಸು ತೊಳೆಯುವ ನಲ್ಲಿ ತೋರಿಸುತ್ತಿದ್ದ.

ಬೇರೆಯವರು ಪುಡಿ ಹಾಕಿ ಒಂದು ಕುದಿ ಬಂದೊಡನೆ ಇಳಿಸುತ್ತಾರೆ. ಕಡಕ್ ಎರಡು ಕುದಿ ಕೊಡುತ್ತಿದ್ದ. ಒಂದು ಉಕ್ಕಿದ ಮೇಲೆ ಉರಿ ತಗ್ಗಿಸಿ, ಮತ್ತೆ ಏರಿಸಿ, ಬಣ್ಣ ಹೊಸ ಇಟ್ಟಿಗೆಯಷ್ಟು ಕೆಂಪಾದ ಮೇಲೆಯೇ ಹಾಲು. ಮೂರನೆಯ ಕುದಿ ಅಂತ ಇನ್ನೊಂದಿತ್ತು, ಅದು ಎಲ್ಲರಿಗೂ ಅಲ್ಲ. ಹನ್ನೆರಡು ಗಂಟೆ ಸ್ಟೀರಿಂಗ್ ಹಿಡಿದು ಕಣ್ಣು ಕೆಂಪಗೆ ಮಾಡಿಕೊಂಡು ಬಂದ ಡ್ರೈವರಿಗೆ, ಹೊಸದಾಗಿ ಅಪ್ಪನಾದವನಿಗೆ, ರಿಟೈರಾಗಿ ಹೋಗುವವನಿಗೆ ಕೊನೆಯ ದಿನ. ಮೂರನೆಯ ಕುದಿ ಅಂದರೆ ಕಡಕ್ ಬಾಯಿಬಿಟ್ಟು ಹೇಳಲಾರದ ಪ್ರೀತಿ ಅಂತ ಡಿಪೋದವರೆಲ್ಲ ಬಲ್ಲರು.

ಮದುವೆಯಾಗಿ ಆರು ವರ್ಷಕ್ಕೆ ಹೆಂಡತಿ ಬಸುರಿಯಾದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆ ಡಿಪೋದ ಹಿಂಬದಿ ಗೋಡೆಗೇ ಅಂಟಿಕೊಂಡಂತಿದ್ದ ಎರಡು ಕೋಣೆ. ಕಿಟಕಿಯ ಬಳಿ ಹೆಂಡತಿಯ ಹೊಲಿಗೆ ಮೆಷಿನ್ನು, ಅದರ ಪಕ್ಕದಲ್ಲಿ ನೀಲಿ ರೆಕ್ಸಿನ್ನಿನ ಗುಡ್ಡೆ. ಬಸ್ಸಿನ ಸೀಟುಗಳ ಹರಿದ ಕವರಿಗೆ ಬದಲಿ ಹೊಲಿದುಕೊಡುವುದು ಅವಳ ಕೆಲಸ. ಒಳಕೋಣೆಯಲ್ಲಿ ಕಡಕ್‌ನ ತಾಯಿ. ಸೊಸೆ ಬಸುರಿಯಾದ ದಿನದಿಂದ ಆಕೆಯ ಮಂಡಿನೋವು ಎಲ್ಲಿ ಹೋಯಿತೋ, ಮಾರ್ಕೆಟ್ಟಿಗೆ ತಾನೇ ಹೋಗಿ ಸೊಪ್ಪು, ಕಾಳು, ಮೊಟ್ಟೆ, ಹಣ್ಣು ಹೊತ್ತು ತಂದು ಬೇಯಿಸಿ, ಎದುರಿಗೆ ಕೂತು ತಿನ್ನಿಸುತ್ತಿದ್ದಳು. ಇನ್ನು ಮಗ ಸುಮ್ಮನಿರುತ್ತಾನೆಯೇ? ಅವನಿಗೆ ಬರುತ್ತಿದ್ದ ವಿದ್ಯೆ ಒಂದೇ. ದಿನಾ ಮಧ್ಯಾಹ್ನ ಊಟಕ್ಕೆ ಬರುವಾಗ ಕೆಂಪು ಮುಚ್ಚಳದ ಫ್ಲಾಸ್ಕಿನಲ್ಲಿ ಮೂರನೆಯ ಕುದಿಯ ಟೀ ತರತೊಡಗಿದ.

ನಾಲ್ಕನೆಯ ತಿಂಗಳಲ್ಲಿ ಹೆರಿಗೆ ಆಸ್ಪತ್ರೆಗೆ ಹೋದರು. ರಕ್ತದ ಹಿಮೋಗ್ಲೋಬಿನ್ ಒಂಬತ್ತು ಇತ್ತು, ಹನ್ನೊಂದಾದರೂ ಇರಬೇಕಿತ್ತಂತೆ. ಹೆಂಡತಿಯನ್ನು ಒಳಗೆ ತೂಕ ನೋಡಲು ಕರೆದೊಯ್ದಿದ್ದರು. ಔಷಧಿ ಕೊಡುವ ಕಿಟಕಿಯ ಬಳಿ ಕಡಕ್ ಒಬ್ಬನೇ ನಿಂತಿದ್ದ. ನರ್ಸ್ ಕೆಂಪು ಮಾತ್ರೆಯ ಹಾಳೆಗಳನ್ನು ಮುಂದಿಟ್ಟು ಹೇಳಿದಳು.

"ಇದು ಕಬ್ಬಿಣದ ಮಾತ್ರೆ. ಊಟ ಆದ್ಮೇಲೆ ದಿನಕ್ಕೊಂದು. ನೀರಲ್ಲಿ ಕೊಡಿ, ನಿಂಬೆ ನೀರಾದ್ರೆ ಇನ್ನೂ ಒಳ್ಳೇದು. ಟೀ, ಕಾಫಿ ಜೊತೆ ಮಾತ್ರ ಬೇಡ. ಊಟಕ್ಕೂ ಮಾತ್ರೆಗೂ ಹಿಂದೆ ಮುಂದೆ ಎರಡು ಗಂಟೆ ಟೀ ಕುಡೀಬಾರ್ದು."

ಕಡಕ್ ತಲೆಯಾಡಿಸಿದ. ಆಡಿಸುತ್ತಲೇ ಅವನ ಕಣ್ಣು ನರ್ಸಿನ ಮೇಜಿನ ಮೇಲೆ ಹೋಯಿತು. ಒಂದು ಪೇಪರ್ ಕಪ್ಪು, ಅದರಿಂದ ಇಳಿಬಿದ್ದ ಟೀ ಬ್ಯಾಗಿನ ದಾರ, ಒಳಗೆ ಪಾತ್ರೆ ತೊಳೆದ ನೀರಿನ ಬಣ್ಣದ ಏನೋ ಒಂದು. ಇದನ್ನು ಟೀ ಅಂತ ಕುಡಿಯುವವರು ಟೀ ಬಗ್ಗೆ ಮಾತಾಡುತ್ತಾರಲ್ಲ ಅಂತ ಅವನಿಗೆ ಒಳಗೇ ನಗು ಬಂತು. ಇಂಥ ಟೀ ಕುಡಿದರೆ ಏನಾದರೂ ಆದೀತು. ಹಾಲು ಹಾಕಿ, ಶುಂಠಿ ಜಜ್ಜಿ, ಮೂರು ಕುದಿ ಕೊಟ್ಟ ಟೀಗೂ ಈ ಮಾತಿಗೂ ಏನು ಸಂಬಂಧ? ಸಿಟ್ಟು ಬಂತು ಅನ್ನುವಷ್ಟು ಬರಲಿಲ್ಲ. ಕಸುಬಿನವನಿಗೆ ಹೊರಗಿನವರು ಬುದ್ಧಿ ಹೇಳಿದಾಗ ಆಗುವಷ್ಟು ಕಸಿವಿಸಿ ಆಯಿತು, ಅಷ್ಟೇ.

ಹೊರಗೆ ಬಂದ ಮೇಲೆ ಹೆಂಡತಿ ಕೇಳಿದಳು. "ಏನಂದ್ರು?"

"ಊಟ ಆದ್ಮೇಲೆ ದಿನಕ್ಕೊಂದಂತೆ. ತಪ್ಪಿಸಬಾರ್ದಂತೆ."

"ಅಷ್ಟೇನಾ?"

"ಅಷ್ಟೇ."

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಒಂದೂವರೆಗೆ ಊಟ, ಊಟ ಮುಗಿದೊಡನೆ ಅಂಗೈಯಲ್ಲಿ ಕೆಂಪು ಮಾತ್ರೆ, ಇನ್ನೊಂದು ಕೈಗೆ ಬಿಸಿಬಿಸಿ ಟೀ. ಅವಳು ಮಾತ್ರೆ ಬಾಯಿಗೆ ಹಾಕಿ, ಟೀ ಗುಟುಕರಿಸಿ, ಕತ್ತು ಮೇಲೆತ್ತಿ ನುಂಗುತ್ತಿದ್ದಳು. ಕಡಕ್ ಎದುರಿಗೇ ನಿಂತು ಕೇಳುತ್ತಿದ್ದ, "ಹೇಗಿದೆ?" ಅವಳು "ಚೆನ್ನಾಗಿದೆ" ಅನ್ನುತ್ತಿದ್ದಳು. ಅವನಿಗೆ ಅಷ್ಟು ಸಾಕು. ಶಿಳ್ಳೆ ಹಾಕಿಕೊಂಡು ಡಿಪೋಗೆ ಹೊರಡುತ್ತಿದ್ದ.

ಮುಂದಿನ ತಿಂಗಳು ರಕ್ತ ಎಂಟೂಕಾಲಿಗೆ ಇಳಿದಿತ್ತು.

ಮನೆಯಲ್ಲಿ ಮೊದಲು ಬಾಯಿಬಿಟ್ಟವಳು ತಾಯಿ. ಸೊಸೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ ಮಗನನ್ನು ಒಳಗೆ ಕರೆದು ಹೇಳಿದಳು. "ನಾನು ಬೇಯಿಸಿ ಹಾಕ್ತಿರೋ ಸೊಪ್ಪಿಗೆ ಕಲ್ಲಿಗೂ ರಕ್ತ ಬರ್ಬೇಕಿತ್ತು ಕಣೋ. ಅವಳು ಮಾತ್ರೆ ನುಂಗ್ತಿಲ್ಲ. ನಾಲಿಗೆ ಕೆಳಗೆ ಇಟ್ಕೊಂಡು ನೀನು ಆ ಕಡೆ ಹೋದ್ಮೇಲೆ ಉಗೀತಾಳೆ. ಮಾತ್ರೆ ಅಂದ್ರೆ ಅವಳಿಗೆ ಮೊದ್ಲಿಂದ್ಲೂ ಆಗಲ್ಲ, ನಿನಗೆ ಗೊತ್ತಿಲ್ವಾ?"

ಅದು ನಿಜವೇ. ತಲೆನೋವಿಗೂ ಮಾತ್ರೆ ತಗೊಳ್ಳುವವಳಲ್ಲ ಅವಳು. ಕಡಕ್‌ನ ತಲೆಯಲ್ಲಿ ಹುಳ ಬಿತ್ತು. ಮಾರನೆಯ ಮಧ್ಯಾಹ್ನ ಅವಳು ಮಾತ್ರೆ ನುಂಗಿ, ಟೀ ಮುಗಿಸಿ, ಲೋಟ ಕೆಳಗಿಟ್ಟ ಮೇಲೆ ಹೇಳಿದ.

"ಬಾಯಿ ತೆಗಿ ಸ್ವಲ್ಪ."

ಅವಳಿಗೆ ಅರ್ಥವಾಗಲಿಲ್ಲ. ತಮಾಷೆ ಅಂದುಕೊಂಡು ನಕ್ಕಳು. ಅತ್ತೆ ಬಾಗಿಲಲ್ಲಿ ನಿಂತಿರುವುದು ಕಂಡ ಮೇಲೆ ನಗು ನಿಂತಿತು.

"ನಾಲಿಗೆ ಎತ್ತು" ಅಂದ ಕಡಕ್.

ಅವಳು ಬಾಯಿ ತೆರೆದಳು. ನಾಲಿಗೆ ಎತ್ತಿದಳು. ಅವನು ಬಗ್ಗಿ ನೋಡಿದ. ಏನೂ ಇರಲಿಲ್ಲ. "ಸರಿ, ಮುಚ್ಚು" ಅಂದ. ಅವಳು ಮುಚ್ಚಿದಳು. ಮೆಷಿನ್ನಿನ ಮುಂದೆ ಹೋಗಿ ಕೂತು ಒಂದು ಸೀಟಿನ ಕವರಿನ ನಾಲ್ಕೂ ಅಂಚು ಒಂದೇ ಉಸಿರಿಗೆ ಹೊಲಿದಳು. ಅವಳಿಗೆ ಸಿಟ್ಟು ಬಂದಾಗ ಮೆಷಿನ್ನು ಓಡುವುದು ಹಾಗೆಯೇ, ಕಡಕ್‌ಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮರುದಿನ ಮತ್ತೆ ಹಾಗೆಯೇ ನೋಡಿದ, ಅದರ ಮರುದಿನವೂ. ಮಾತ್ರೆಯ ಹಾಳೆಯನ್ನು ತನ್ನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡಲು ಶುರುಮಾಡಿದ. ವಾರ ಕಳೆಯುವಷ್ಟರಲ್ಲಿ ಹೇಳಬೇಕಾದ ಅಗತ್ಯವೇ ಉಳಿಯಲಿಲ್ಲ. ಟೀ ಮುಗಿದೊಡನೆ ಅವಳೇ ಬಾಯಿ ತೆರೆದು, ನಾಲಿಗೆ ಎತ್ತಿ, ಕಣ್ಣನ್ನು ಗೋಡೆಯ ಕಡೆ ಇಟ್ಟು ನಿಲ್ಲುತ್ತಿದ್ದಳು.

ಏಳನೆಯ ತಿಂಗಳ ಪರೀಕ್ಷೆಯಲ್ಲಿ ರಕ್ತ ಏಳೂಮುಕ್ಕಾಲು.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಇಷ್ಟು ಕಮ್ಮಿ ಇಟ್ಕೊಂಡು ಇಲ್ಲಿ ಹೆರಿಗೆ ಮಾಡಿಸೋಕೆ ನನಗೆ ಧೈರ್ಯ ಇಲ್ಲ. ಹೆರಿಗೇಲಿ ಎಲ್ಲರಿಗೂ ಸ್ವಲ್ಪ ರಕ್ತ ಹೋಗುತ್ತೆ. ಇವರ ಹತ್ರ ಕಳ್ಕೊಳ್ಳೋಕೆ ರಕ್ತಾನೇ ಇಲ್ಲ. ನಾಲ್ಕು ವಾರ ನೋಡ್ತೀನಿ. ಒಂಬತ್ತು ದಾಟಲಿಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕ್ಸಬೇಕು, ರಕ್ತ ಕೊಡಬೇಕಾಗಿ ಬಂದ್ರೂ ಬರಬಹುದು." ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಮಾತ್ರೆ ದಿನಾ ತಗೊಳ್ತಿದ್ದೀಯೇನಮ್ಮ?"

"ತಗೊಳ್ತಿದ್ದೀನಿ ಡಾಕ್ಟರೇ."

ಡಾಕ್ಟರಮ್ಮ ನಂಬದವರಂತೆ ಕಡಕ್‌ನನ್ನು ನೋಡಿದರು. ಅವನು "ನನ್ನೆದುರಿಗಂತೂ ನುಂಗ್ತಾಳೆ" ಅಂದ. ಆ "ಅಂತೂ" ಎಷ್ಟು ಕೆಟ್ಟದ್ದು ಅಂತ ಅವನಿಗೆ ಆಗ ಹೊಳೆಯಲಿಲ್ಲ. ಹೆಂಡತಿ ತೊಡೆಯ ಮೇಲಿನ ತನ್ನ ಕೈಗಳನ್ನು ನೋಡುತ್ತಾ ಕೂತಳು.

ಹೆಂಡತಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಔಷಧಿಯ ಕಿಟಕಿಗೆ ಹೋದಾಗ ಅದೇ ನರ್ಸ್ ಕೇಳಿದಳು. "ನೀರಲ್ಲೇ ಕೊಡ್ತಿದ್ದೀರಿ ತಾನೇ?"

"ಹೌದು ಸಿಸ್ಟರ್" ಅಂದುಬಿಟ್ಟ. ಯೋಚಿಸುವ ಮೊದಲೇ ಬಾಯಿಂದ ಜಾರಿದ ಸುಳ್ಳು. ಮನೆಗೆ ನಡೆಯುವಾಗ ಅದು ಚಪ್ಪಲಿಯೊಳಗಿನ ಹರಳಿನಂತೆ ಹೆಜ್ಜೆಹೆಜ್ಜೆಗೂ ಚುಚ್ಚಿತು. ಸುಳ್ಳು ಯಾಕೆ ಹೇಳಿದೆ? ಟೀ ಏನೂ ಮಾಡುವುದಿಲ್ಲ ಅಂತ ಅಷ್ಟು ಗಟ್ಟಿಯಾಗಿ ಗೊತ್ತಿದ್ದರೆ ಟೀ ಜೊತೆ ಅಂತಲೇ ಹೇಳಬಹುದಿತ್ತಲ್ಲ?

ಮಾರನೆಯ ಬೆಳಿಗ್ಗೆ ಮೊದಲ ಸರದಿಯ ಬಸ್ಸುಗಳೆಲ್ಲ ಹೊರಟ ಮೇಲೆ ಕಡಕ್ ಒಲೆಯ ಕಬ್ಬಿಣದ ಸ್ಟ್ಯಾಂಡು ಉಜ್ಜುತ್ತಿದ್ದ. ಕೆಟಲಿನ ಮೂತಿಯಿಂದ ತೊಟ್ಟಿಕ್ಕುವ ಜಾಗದಲ್ಲಿ ಒಂದು ಕಪ್ಪು ಮಚ್ಚೆ. ಒಂಬತ್ತು ವರ್ಷದಿಂದ ದಿನಾ ಉಜ್ಜುತ್ತಿದ್ದ, ದಿನಾ ಮತ್ತೆ ಬರುತ್ತಿತ್ತು. ಅಷ್ಟರಲ್ಲಿ ಹಿರಿಯ ಮೆಕ್ಯಾನಿಕ್ ಬಂದ. ಎಲ್ಲರೂ ಅವನನ್ನು ಸ್ಪಾನರಣ್ಣ ಅನ್ನುತ್ತಿದ್ದರು, ಊಟಕ್ಕೆ ಕೂತಾಗಲೂ ಸ್ಪಾನರು ಪಕ್ಕದಲ್ಲೇ ಇರಬೇಕಾದ ಮನುಷ್ಯ. ಕಟ್ಟೆಯ ಮೇಲಿಟ್ಟ ಅವನ ಸ್ಪಾನರಿನ ಮೇಲೆ ಕಡಕ್ ತಂದಿಟ್ಟ ಲೋಟದಿಂದ ಟೀ ತುಳುಕಿತು. ಸ್ಪಾನರಣ್ಣ ತಟ್ಟನೆ ಎತ್ತಿಕೊಂಡು ಅಂಗಿಗೇ ಒರೆಸಿಕೊಂಡ.

"ಎಷ್ಟು ಸಲ ಹೇಳಿದ್ದೀನಿ ನಿಂಗೆ, ನನ್ನ ಸಾಮಾನಿನ ಹತ್ರ ಟೀ ಇಡಬೇಡ ಅಂತ. ಟೀಗೂ ಕಬ್ಬಿಣಕ್ಕೂ ಎಣ್ಣೆ ಸೀಗೇಕಾಯಿ ಕಣೋ. ಒಂದ್ಸಲ ಹಿಡ್ಕೊಂಡ್ರೆ ಬಿಡಲ್ಲ, ಕಪ್ಪು ಹಿಡಿಸಿಬಿಡುತ್ತೆ."

ಕಡಕ್‌ನ ಕೈಯಲ್ಲಿದ್ದ ನಾರು ನಿಂತಿತು. ಅಂಗಿಯ ಜೇಬಿನಿಂದ ಮಾತ್ರೆಯ ಹಾಳೆ ತೆಗೆದ. ಒಂದು ಮಾತ್ರೆಯನ್ನು ಕಟ್ಟೆಯ ಮೇಲಿಟ್ಟು ಸೌಟಿನ ಬೆನ್ನಿನಿಂದ ಅರೆದ. ಗಾಜಿನ ಲೋಟಕ್ಕೆ ಹಾಲು ಹಾಕದ ಮೂರನೆಯ ಕುದಿಯ ಟೀ ಬಸಿದು, ಪುಡಿಯನ್ನು ಅದರೊಳಗೆ ಉದುರಿಸಿ ಚಮಚ ತಿರುಗಿಸಿದ. ಹೊಸ ಇಟ್ಟಿಗೆಯ ಬಣ್ಣ ಮೊದಲು ಮಂಕಾಯಿತು. ನೋಡುನೋಡುತ್ತಿದ್ದಂತೆ ಕಂದಿತು, ಕಡೆಗೆ ಕಪ್ಪಾಯಿತು. ಲೋಟವನ್ನು ಬೆಳಕಿಗೆ ಹಿಡಿದರೆ ಆಚೆ ನಿಂತಿದ್ದ ಬಸ್ಸು ಕಾಣಲಿಲ್ಲ.

"ಇದೇನೋ, ಶಾಯಿ ಕಾಯಿಸ್ತಿದ್ದೀಯಾ?" ಅಂದ ಸ್ಪಾನರಣ್ಣ.

ಕಡಕ್ ಲೋಟವನ್ನು ಕೆಳಗಿಟ್ಟ. ನಾಲ್ಕನೆಯ ತಿಂಗಳಿನಿಂದ ಇದನ್ನೇ ಹೆಂಡತಿಯ ಹೊಟ್ಟೆಗೆ ಕಳಿಸಿದ್ದ, ದಿನಾ, ತನ್ನ ಕೈಯಾರೆ. ಅಮ್ಮ ಬೇಯಿಸಿದ ಸೊಪ್ಪಿನ ಮೇಲೆ, ಕಾಳಿನ ಮೇಲೆ, ಮಾತ್ರೆಯ ಮೇಲೆ ಈ ಕಪ್ಪನ್ನು ಸುರಿದು, ಆಮೇಲೆ ಬಾಯಿ ತೆರೆಸಿ ಕಳ್ಳತನ ಹುಡುಕಿದ್ದ. ಬೇರೆಯವರಿಗೆ ಎರಡು ಕುದಿ, ಅವಳಿಗೆ ಪ್ರೀತಿಯಿಂದ ಮೂರು.

ಹನ್ನೊಂದು ಗಂಟೆಗೆ ಒಲೆ ಆರಿಸಿ ಆಸ್ಪತ್ರೆಗೆ ಓಡಿದ. ನರ್ಸಿನ ಎದುರು ನಿಂತಾಗ ಮಾತ್ರ ಧೈರ್ಯ ಕೈಕೊಟ್ಟಿತು.

"ಸಿಸ್ಟರ್, ನಮ್ಮ ಫ್ರೆಂಡ್ ಒಬ್ನ ಹೆಂಡ್ತಿ ಬಸುರಿ. ಅವನು ಮಾತ್ರೆ ಟೀಲಿ ಕೊಡ್ತಿದ್ದನಂತೆ."

ನರ್ಸ್ ಅವನ ಅಂಗಿಯ ಮೇಲಿನ ಟೀ ಕಲೆಗಳನ್ನು ಒಂದೊಂದಾಗಿ ನೋಡಿದಳು. "ಟೀ ಕಡಕ್ಕಾಗಿರ್ತಿತ್ತಾ?"

"ತುಂಬಾ."

"ಹಾಗಾದ್ರೆ ಮಾತ್ರೇಲಿರೋದು ಮೈಗೆ ಹತ್ತಿರೋದು ಅಷ್ಟಕ್ಕಷ್ಟೇ. ಟೀ ಒಂದೇ ಕಾರಣ ಅಂತ ನಾನು ಹೇಳಲ್ಲ, ಬಸುರೀಲಿ ರಕ್ತ ತೆಳ್ಳಗಾಗೋದೂ ಇರುತ್ತೆ. ಇವತ್ತಿಂದ ನಿಲ್ಲಿಸ್ಲಿ. ನಿಂಬೆ ನೀರಲ್ಲಿ ಕೊಡ್ಲಿ, ಏರುತ್ತೆ." ಕಡಕ್ ಹೊರಟವನು ಬಾಗಿಲು ಮುಟ್ಟುವಷ್ಟರಲ್ಲಿ ಹಿಂದಿನಿಂದ ಕೇಳಿಸಿತು. "ಮತ್ತೆ ಆ ಫ್ರೆಂಡ್ ಹೆಂಡ್ತಿಗೂ ಒಂದು ಮಾತು ಹೇಳ್ಲಿ. ಅವಳ ತಪ್ಪಲ್ಲ ಅಂತ."

ಆ ದಿನ ಫ್ಲಾಸ್ಕನ್ನು ಮೂರು ಸಲ ತೊಳೆದು ನಿಂಬೆ ನೀರು ತುಂಬಿ ತಂದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದ. ಮನೆಯೊಳಗೆ ಕಾಲಿಟ್ಟರೆ ತಾಯಿ ಬಾಗಿಲಲ್ಲಿ, ಹೆಂಡತಿ ತಟ್ಟೆಯ ಮುಂದೆ. ಜೋಡಿಸಿದ್ದು ಚದುರಿತು. "ಈಗ ಬರ್ತಿರೋ ಟೀ ಪುಡಿ ಸರಿ ಇಲ್ಲ. ಕೆಲವು ದಿನ ಬೇಡ" ಅಂದ. ತನ್ನ ಟೀಯನ್ನು ತಾನೇ ಹಳಿದದ್ದು ಹುಟ್ಟಿದಾಗಿನಿಂದ ಅದೇ ಮೊದಲು, ಅದೂ ಸುಳ್ಳಿಗಾಗಿ. ಅವಳು ನಿಂಬೆ ನೀರಲ್ಲಿ ಮಾತ್ರೆ ನುಂಗಿ, ಬಾಯಿ ತೆರೆದು, ನಾಲಿಗೆ ಎತ್ತಿ, ಗೋಡೆ ನೋಡುತ್ತಾ ನಿಂತಳು.

ಬೇಡ ಅನ್ನಬೇಕಿತ್ತು. ಬೇಡ ಅಂದರೆ ತಾಯಿ ಯಾಕೋ ಅನ್ನುತ್ತಾಳೆ, ಯಾಕೆ ಅನ್ನುವುದಕ್ಕೆ ಕಾರಣ ಹೇಳಬೇಕಾಗುತ್ತದೆ. ಕಡಕ್ ಬಗ್ಗಿ ನೋಡಿದ. "ಸರಿ, ಮುಚ್ಚು" ಅಂದ.

ರಕ್ತ ಏರಲಿ, ಆಮೇಲೆ ಹೇಳಿದರಾಯಿತು ಅಂತ ತನಗೆ ತಾನೇ ಸಮಾಧಾನ ಮಾಡಿಕೊಂಡ. ಏರಿದ ಮೇಲೆ ಹೇಳುವ ಅಗತ್ಯವೇನು ಅಂತ ಅದರ ಹಿಂದೆಯೇ ಇನ್ನೊಂದು ಯೋಚನೆ ಬರುತ್ತಿತ್ತು. ಹೀಗೆ ನಾಲ್ಕು ವಾರ ತಳ್ಳಿದ. ಡಿಪೋದಲ್ಲಿ ಯಾರು ಬಂದರೂ ಟೀ ಎರಡನೆಯ ಕುದಿಗೇ ಇಳಿಯತೊಡಗಿತು. ಮಗಳು ಹುಟ್ಟಿದ ಖುಷಿಯಲ್ಲಿ ಬಂದ ಒಬ್ಬ ಕಂಡಕ್ಟರು ಮೂರನೆಯ ಕುದಿ ಎಲ್ಲಿ ಅಂತ ಕೇಳಿದ್ದಕ್ಕೆ, ಮೊದಲು ಹೋಗಿ ಬಾಣಂತಿಗೆ ಏನು ಬೇಕು ಕೇಳು ಅಂತ ರೇಗಿದ. ಕಡಕ್‌ಗೆ ಹುಷಾರಿಲ್ಲ ಅಂತ ಎಲ್ಲರೂ ಮಾತಾಡಿಕೊಂಡರು.

ನಾಲ್ಕು ವಾರ ಕಳೆದು ಪರೀಕ್ಷೆ ಮಾಡಿಸಿದರೆ ರಕ್ತ ಒಂಬತ್ತೂವರೆ. ಡಾಕ್ಟರಮ್ಮ ಮೊದಲ ಸಲ ನಕ್ಕರು. "ಹೀಗೇ ಏರ್ತಾ ಹೋದ್ರೆ ಹೆರಿಗೆ ಇಲ್ಲೇ ಆಗ್ಬಹುದು."

ಮನೆಗೆ ಬಂದೊಡನೆ ತಾಯಿಗೆ ವಿಷಯ ತಿಳಿಯಿತು. ಆಕೆ ಸೊಪ್ಪು ಬಿಡಿಸುತ್ತಿದ್ದ ಮೊರ ಪಕ್ಕಕ್ಕಿಟ್ಟು ಎರಡೂ ಕೈ ಎತ್ತಿ ನೆಟಿಕೆ ಮುರಿದಳು. "ನಾನು ಹೇಳ್ಲಿಲ್ವಾ? ಈಗ ನೆಟ್ಟಗೆ ನುಂಗ್ತಿದ್ದಾಳೆ, ನೆಟ್ಟಗೆ ಏರ್ತು. ಮೊದ್ಲೇ ಹೀಗೆ ನುಂಗಿದ್ರೆ ನಮಗೆಲ್ಲ ಇಷ್ಟು ದಿನ ಜೀವ ಕೈಯಲ್ಲಿ ಹಿಡ್ಕೊಂಡಿರೋದು ತಪ್ತಿತ್ತು. ಹೋಗ್ಲಿ ಬಿಡು, ಈಗಲಾದ್ರೂ ಬುದ್ಧಿ ಬಂತಲ್ಲ."

ಹೆಂಡತಿ ಮೆಷಿನ್ನಿನ ಮುಂದೆ ಕೂರಲು ಹೋದವಳು ನಿಂತಳು. "ಮೊದ್ಲೂ ನುಂಗಿದ್ದೆ ಅತ್ತೆ."

"ಹಾಗಾದ್ರೆ ಆವಾಗ ಯಾಕೆ ಏರ್ಲಿಲ್ಲ?"

ಅವಳು ಗಂಡನ ಕಡೆ ನೋಡಿದಳು. ಬೇಡಿಕೊಳ್ಳುವ ನೋಟವಲ್ಲ ಅದು. ಇವನೂ ಹಾಗೇ ಅಂದುಕೊಂಡಿದ್ದಾನೆ ಅಂತ ಖಚಿತವಾಗಿ ಗೊತ್ತಿರುವವರು ಸುಮ್ಮನೆ ಒಮ್ಮೆ ನೋಡುವ ಹಾಗೆ. ಉತ್ತರ ಕಡಕ್‌ನ ಗಂಟಲಲ್ಲಿತ್ತು. ಇವತ್ತು ನುಂಗಿಕೊಂಡರೆ ಹುಟ್ಟುವ ಮಗುವಿಗೂ ಅಜ್ಜಿ ಇದೇ ಕಥೆ ಹೇಳುತ್ತಾಳೆ, ನಿಮ್ಮಮ್ಮ ಮಾತ್ರೆ ಉಗಿದು ನಿನ್ನನ್ನು ಕಳ್ಕೊಳ್ಳೋದರಲ್ಲಿದ್ದಳು ಅಂತ. ತಾನು ಗುಟ್ಟಾಗಿ ತಪ್ಪು ತಿದ್ದಿಕೊಂಡದ್ದು ತಪ್ಪನ್ನು ಅವಳ ತಲೆಗೇ ಕಟ್ಟಿತ್ತು.

"ಅಮ್ಮ, ಅದು ನನ್ನ ಟೀ" ಅಂದ.

ಹೇಳಲು ತೊಡಗಿದ ಮೇಲೆ ಎಲ್ಲ ಹೇಳಿದ. ನರ್ಸ್ ಮೊದಲ ದಿನವೇ ಎಚ್ಚರಿಸಿದ್ದು, ತಾನು ಮುಚ್ಚಿಟ್ಟದ್ದು, ಕಿಟಕಿಯ ಬಳಿ ಹೇಳಿದ ಸುಳ್ಳು, ಲೋಟದಲ್ಲಿ ಕಂಡ ಕಪ್ಪು. ತಾಯಿ ಮಧ್ಯೆ ಬಾಯಿ ಹಾಕಿದಳು. "ಟೀ ಕುಡಿದ್ರೆ ರಕ್ತ ಹೋಗುತ್ತೇನೋ? ನಾನು ನಿನ್ನ ಹೊತ್ತಿದ್ದಾಗ ದಿನಾ ಕುಡೀಲಿಲ್ವಾ?"

"ಅಮ್ಮ, ಬಿಡು. ಅವಳು ಒಂದು ದಿನಾನೂ ಉಗಿದಿಲ್ಲ."

ತಾಯಿ ಮೊರವನ್ನು ಮತ್ತೆ ಹತ್ತಿರಕ್ಕೆಳೆದುಕೊಂಡಳು. ಬಿಡಿಸಿ ಮುಗಿದಿದ್ದ ಸೊಪ್ಪನ್ನೇ ಮತ್ತೆ ಬಿಡಿಸತೊಡಗಿದಳು. ತಲೆ ಎತ್ತಲಿಲ್ಲ.

ಹೆಂಡತಿ ಕೇಳಿದಳು. "ಆ ಲೋಟ ಕಪ್ಪಾಗಿದ್ದು ಯಾವಾಗ?"

"ತಿಂಗಳಾಯ್ತು."

"ಗೊತ್ತಾದ್ಮೇಲೂ ನನ್ನ ನಾಲಿಗೆ ಎತ್ತಿಸಿದ್ರಿ."

ಅವಳು ಕೂತಳು, ಸೂಜಿಯ ಕೆಳಗೆ ರೆಕ್ಸಿನ್ನು ಸರಿಪಡಿಸಿದಳು. ಹೊಲಿಗೆ ಶುರುಮಾಡುವ ಮೊದಲು ಗಂಡನ ಕಡೆ ತಿರುಗದೆಯೇ ಹೇಳಿದಳು.

"ಮೂರನೇ ತಿಂಗಳಿಂದ ನನಗೆ ಟೀ ವಾಸನೆಗೇ ಹೊಟ್ಟೆ ತೊಳಸ್ತಿತ್ತು. ಉಸಿರು ಬಿಗಿಹಿಡಿದು ಕುಡೀತಿದ್ದೆ. ನೀವು ಹೇಗಿದೆ ಹೇಗಿದೆ ಅಂತ ನಿಂತಿರ್ತಿದ್ರಿ. ನಾನು ಒಂದಿನ ಬೇಡ ಅಂದಿದ್ರೆ ಸಾಕಿತ್ತು ನೋಡಿ. ನಿಮ್ಮ ಮುಖ ಸಣ್ಣದಾಗೋದು ನೋಡಕ್ಕಾಗ್ದೆ ಸುಮ್ಮನಿದ್ದೆ."

ಮೆಷಿನ್ನು ಶುರುವಾಯಿತು. ಜೋರಾಗಿ ಓಡಿದ್ದರೆ ಚೆನ್ನಾಗಿತ್ತು, ಸಿಟ್ಟು ಅಂತಾದರೂ ಗೊತ್ತಾಗುತ್ತಿತ್ತು. ಅದು ಮಾಮೂಲಿನಂತೆ ಓಡಿತು. ಕಡಕ್ ಅಲ್ಲೇ ನಿಂತಿದ್ದ. ಬೈದರೆ ಬೈಸಿಕೊಳ್ಳಲು ಸಿದ್ಧನಾಗಿದ್ದ, ಯಾರೂ ಬೈಯಲಿಲ್ಲ.

ಮಾರನೆಯ ಮಧ್ಯಾಹ್ನ ಬರುವಾಗ ಫ್ಲಾಸ್ಕು ತರಲಿಲ್ಲ. ಎಷ್ಟು ತೊಳೆದರೂ ಅದರಲ್ಲಿ ಟೀ ವಾಸನೆ ಉಳಿದಿರುವುದು ಅವನ ಮೂಗಿಗೇ ಹೊಡೆಯುತ್ತಿತ್ತು. ಮನೆಯ ಚೊಂಬಿನಲ್ಲೇ ನಿಂಬೆ ನೀರು ಮಾಡಿದ. ಮಾತ್ರೆಯ ಹಾಳೆಯನ್ನು ಜೇಬಿನಿಂದ ತೆಗೆದು ಅವಳ ಮೆಷಿನ್ನಿನ ಮೇಲೆ, ಕತ್ತರಿಯ ಪಕ್ಕದಲ್ಲಿಟ್ಟ. "ಇನ್ಮೇಲೆ ನಿನ್ನ ಹತ್ರಾನೇ ಇರ್ಲಿ" ಅಂದ. ತಾಯಿ ತಟ್ಟೆಗೆ ಎರಡು ಮೊಟ್ಟೆ ಹೆಚ್ಚಿಗೆ ಹಾಕಿ ಒಳಗೆ ಹೋದಳು.

ಊಟ ಮುಗಿಯಿತು. ಅವಳು ಮಾತ್ರೆ ಬಿಡಿಸಿಕೊಂಡ ಚಿಟ್ ಸದ್ದು ಕೇಳಿದೊಡನೆ ಕಡಕ್ ಬೇಕೆಂದೇ ಕಿಟಕಿಯ ಕಡೆ ತಿರುಗಿ ನಿಂತ. ಗೋಡೆಯಾಚೆ ಡಿಪೋದಲ್ಲಿ ಯಾರೋ ಬಸ್ಸು ಹಿಂದಕ್ಕೆ ತೆಗೆಯುತ್ತಿದ್ದರು. ಅದರ ಸದ್ದು ಮುಗಿಯುವವರೆಗೂ ಕಾದ. ಚೊಂಬು ಕೆಳಗಿಟ್ಟದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಎದ್ದು ಹೋದಳೇನೋ ಅಂದುಕೊಂಡು ತಿರುಗಿ ನೋಡಿದ.

ಅವಳು ಅಲ್ಲೇ ನಿಂತಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಕಣ್ಣು ಗೋಡೆಯ ಮೇಲಿತ್ತು. ಬಾಯಿ ತೆರೆದು, ನಾಲಿಗೆ ಎತ್ತಿ, ಅವನು ನೋಡಿ ಮುಗಿಸಲಿ ಅಂತ ಕಾಯುತ್ತಿದ್ದಳು.